ಯಹೂದಿ ಕೇರಿಯ ಬಾಗಿಲು, ನಮ್ಮೂರ ಅಗಸಿ

ಹಾಸ್ಟೆಲಿನಲ್ಲಿ ಹುಳ ಆರಿಸಿ ಅನ್ನ ಉಂಡು ಓದಿದ ನಮ್ಮ ಹುಡುಗ ಹುಡುಗಿಯರು ಈಗ ವಿಮಾನ ಹತ್ತಿ ಹೊರದೇಶಕ್ಕೆ ಓದಲು ಹೋಗುತ್ತಿದ್ದಾರೆ. ಎಲ್ಲರೂ ಅಲ್ಲ, ಎಲ್ಲೋ ಒಬ್ಬಿಬ್ಬರು. ಕೇಂದ್ರ ಸರಕಾರದ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಿಂದ ಇದೆ. ರಾಜ್ಯ ಸರಕಾರದ 'ಪ್ರಬುದ್ಧ' ಯೋಜನೆ 2018ರಲ್ಲಿ ಬಂತು. ಅರ್ಜಿ ಹಾಕುವುದು ಹೇಗೆಂದು ಹೇಳುವವರಿಲ್ಲದೆ, ಕೇಳಿದ ಕಾಗದ ಹೊಂದಿಸಲಾಗದೆ ಎಷ್ಟೋ ಮಂದಿ ಹಿಂದೆ ಉಳಿದಿದ್ದಾರೆ. ಆದರೂ ಕೆಲವರು ಹೋಗಿದ್ದಾರೆ, ಇನ್ನೂ ಹೋಗುತ್ತಾರೆ. ಇದು ಸಣ್ಣ ಮಾತಲ್ಲ.

ಹೋದವರು ಮೊಬೈಲಿಗೆ ಫೋಟೋ ಕಳಿಸುತ್ತಾರೆ. ಕಲ್ಲು ಹಾಸಿದ ಸಣ್ಣ ಓಣಿ, ಎತ್ತರದ ಹಳೇ ಮನೆ, ಕಿಡಕಿಯಲ್ಲಿ ಹೂವಿನ ಕುಂಡ. ಕೆಳಗೆ ಒಂದು ಸಾಲು: 'ಇದು ಇಲ್ಲಿನ ಹಳೇ ಯಹೂದಿ ಕೇರಿ, ಭಾಳ ಚಂದ ಐತಿ.' ನಾವು ಆ ಸಾಲಿಗೆ ತಕರಾರು ತೆಗೆಯುತ್ತೇವೆ. ಚಂದ ಐತಿ ಅನ್ನೋದು ಪ್ರವಾಸಿಗರ ಮಾತು. ಕೇರಿಯಿಂದ ಹೋದವರ ಕಣ್ಣು ಬೇರೆ ಇರಬೇಕು, ಕೇಳುವ ಪ್ರಶ್ನೆಯೂ ಬೇರೆ ಇರಬೇಕು. ಈ ಕೇರಿ ಕಟ್ಟಿದವರು ಯಾರು? ಇಲ್ಲೇ ಇರ್ರಿ ಅಂದವರು ಯಾರು? ಈಗ ಇಲ್ಲಿ ಇರೋರು ಯಾರು? ಇದ್ದವರು ಎಲ್ಲಿ ಹೋದರು?

ನಾವು ಬರೆಯುತ್ತಿರುವುದು ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ ಸೀಮೆಯಿಂದ. ಈ ಕಡೆ ತುಂಗಭದ್ರೆಯ ದಂಡೆ, ಹೊಳಿ ದಾಟಿದರೆ ಹೂವಿನಹಡಗಲಿ ಸೀಮೆ. ಇಲ್ಲಿಂದ ವೆನಿಸ್ ನಗರ ಎಷ್ಟು ದೂರ ಎಂದು ಕೇಳಿದರೆ ಸಾವಿರಾರು ಮೈಲಿ ಅನ್ನಬಹುದು. ಕೇರಿಯಿಂದ ಕೇರಿಗೆ ಅಳೆದರೆ ಅಷ್ಟು ದೂರ ಇಲ್ಲ.

ವೆನಿಸ್ ಅಂದರೆ ಇಟಲಿಯ ನೀರಿನ ನಡುವಿನ ಊರು. 1516ರ ಮಾರ್ಚ್ 29ರಂದು ಅಲ್ಲಿನ ಆಡಳಿತ ಸಭೆ ಒಂದು ಹುಕುಂ ಹೊರಡಿಸಿತು. ಊರಿನಲ್ಲಿರುವ ಯಹೂದಿಗಳೆಲ್ಲ ಒಂದೇ ಕಡೆ ಇರಬೇಕು, ಬೇರೆಲ್ಲೂ ಇರಬಾರದು. ಅದಕ್ಕೆ ಆರಿಸಿದ ಜಾಗ ಕಾಲುವೆಗಳು ಸುತ್ತುವರಿದ ಒಂದು ನಡುಗಡ್ಡೆ. ಹಿಂದೆ ಅಲ್ಲಿ ತಾಮ್ರ ಎರಕ ಹೊಯ್ಯುತ್ತಿದ್ದರು. ಎರಕದ ಆ ಜಾಗಕ್ಕಿದ್ದ ಹೆಸರಿನಿಂದಲೇ 'ಘೆಟ್ಟೊ' ಎಂಬ ಮಾತು ಹುಟ್ಟಿತೆಂದು ಹೆಚ್ಚಿನ ಪಂಡಿತರು ಹೇಳುತ್ತಾರೆ. ಇವತ್ತು ಲೋಕದಲ್ಲಿ ಎಲ್ಲಿ ಜನರನ್ನು ಒಂದು ಮೂಲೆಗೆ ತಳ್ಳಿದರೂ ಅದಕ್ಕೆ ಘೆಟ್ಟೊ ಎನ್ನುತ್ತಾರೆ.

ರಾತ್ರಿಯಾದರೆ ಆ ನಡುಗಡ್ಡೆಯ ಬಾಗಿಲು ಮುಚ್ಚುತ್ತಿದ್ದರು. ಕಾಯಲಿಕ್ಕೆ ಕ್ರೈಸ್ತ ಕಾವಲುಗಾರರು, ಸುತ್ತ ಕಾಲುವೆಯಲ್ಲಿ ಕಾವಲು ದೋಣಿ. ಆ ಕಾವಲುಗಾರರ ಪಗಾರ ಕೊಡಬೇಕಾದವರು ಯಾರು ಗೊತ್ತೇನು? ಒಳಗೆ ಕೂಡಿಹಾಕಿಸಿಕೊಂಡ ಯಹೂದಿಗಳೇ! ತಮ್ಮ ಕೀಲಿಗೆ ತಾವೇ ರೊಕ್ಕ ಕೊಡಬೇಕು. ಮನೆ ಕೊಳ್ಳುವಂತಿಲ್ಲ, ಬಾಡಿಗೆಗೇ ಇರಬೇಕು, ಆ ಬಾಡಿಗೆಯೂ ಮೊದಲಿದ್ದವರು ಕೊಡುತ್ತಿದ್ದುದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು. ಹೊರಗೆ ಹೊರಟರೆ ಯಹೂದಿ ಎಂದು ಗುರುತಾಗುವ ಹಾಗೆ ಬಣ್ಣದ ಗುರುತು, ಬಣ್ಣದ ಟೊಪ್ಪಿಗೆ. ಮಾಡಬಹುದಾದ ಕಸುಬು ಕೆಲವೇ: ಒತ್ತೆ ಇಟ್ಟುಕೊಂಡು ಸಾಲ ಕೊಡುವುದು, ವೈದ್ಯ, ಹಳೇ ಅರಿವಿ ವ್ಯಾಪಾರ. ಹಳೇ ಅರಿವಿ ಅಂದಕೂಡಲೇ ನಮ್ಮವರಿಗೆ ಏನು ನೆನಪಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇನ್ನೊಬ್ಬರು ಉಟ್ಟು ಬಿಟ್ಟದ್ದನ್ನು ಉಟ್ಟೇ ನಮ್ಮ ಹಿರೀಕರು ಬಾಳಿದರು.

ಜನ ಬೆಳೆಯಿತು, ಜಾಗ ಬೆಳೆಯಲಿಲ್ಲ. ಹಾಗಾಗಿ ಮನೆಗಳು ಮೇಲಕ್ಕೆ ಬೆಳೆದವು. ಏಳು ಅಂತಸ್ತು, ಎಂಟು ಅಂತಸ್ತು. ಅಂತಸ್ತು ಹೆಚ್ಚಿಸಲು ಒಳಗಿನ ಮಾಳಿಗೆ ತಗ್ಗಿಸಿದರು. ಫೋಟೋದಲ್ಲಿ ಚಂದ ಕಾಣುವ ಆ ಎತ್ತರದ ಮನೆಗಳು ಸಿರಿವಂತಿಕೆಯ ಎತ್ತರ ಅಲ್ಲ. ಇಕ್ಕಟ್ಟಿನ ಎತ್ತರ.

ಈಗ ನಮ್ಮ ಕಡೆ ನೋಡೋಣ. ನಮ್ಮ ಹಳೇ ಊರುಗಳಿಗೆ ಅಗಸಿ ಇತ್ತು. ಕಲ್ಲಿನ ಕಮಾನು, ದಪ್ಪ ಕಟ್ಟಿಗೆಯ ಬಾಗಿಲು. ಗೌಡರ ಓಣಿ, ದೇಸಾಯರ ವಾಡೆ, ಗುಡಿ, ಚಾವಡಿ ಎಲ್ಲ ಅಗಸಿಯ ಒಳಗೆ. ಕೇರಿ ಅಗಸಿಯ ಹೊರಗೆ. ವೆನಿಸ್ಸಿನಲ್ಲಿ ಬಾಗಿಲು ಕೇರಿಗೆ ಇತ್ತು, ನಮ್ಮಲ್ಲಿ ಬಾಗಿಲು ಊರಿಗೆ ಇತ್ತು. ಅವರನ್ನು ಒಳಗೆ ಹಾಕಿ ಕೀಲಿ ಹಾಕಿದರು. ನಮ್ಮನ್ನು ಹೊರಗೆ ಬಿಟ್ಟು ಕೀಲಿ ಹಾಕಿಕೊಂಡರು. ರಾತ್ರಿ ಅಗಸಿ ಮುಚ್ಚಿದರೆ ಕಳ್ಳ, ತೋಳ, ನಾವು, ಎಲ್ಲರೂ ಹೊರಗೇ. ಮತ್ತೆ ಕಾವಲುಗಾರ ಯಾರು? ರಾತ್ರಿ ಊರು ಕಾಯುವ ಕೆಲಸವನ್ನೂ ಎಷ್ಟೋ ಕಡೆ ನಮ್ಮ ಕೇರಿಯವರ ಹೆಗಲಿಗೇ ಹಾಕಿದ್ದರು. ತಮ್ಮನ್ನು ಹೊರಗಿಟ್ಟ ಗೋಡೆಯನ್ನು ತಾವೇ ಕಾಯಬೇಕು. ಇಷ್ಟು ಮಾತ್ರ ಎರಡೂ ಕಡೆ ಒಂದೇ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ವೆನಿಸ್ಸಿನ ಕೇರಿಗೆ ಹುಟ್ಟಿದ ದಿನ ಇದೆ. ಹುಕುಂ ಇದೆ, ತಾರೀಖು ಇದೆ. ಅದಕ್ಕೇ ಮುಗಿದ ವರ್ಷವೂ ಇದೆ. 1797ರಲ್ಲಿ ನೆಪೋಲಿಯನ್ನನ ಫ್ರೆಂಚ್ ಸೈನ್ಯ ಬಂದಾಗ ಆ ಬಾಗಿಲುಗಳನ್ನು ಕಿತ್ತು ಸುಟ್ಟರು. 281 ವರ್ಷದ ಮೇಲೆ. ನಮ್ಮ ಕೇರಿಗೆ ಹುಕುಂ ಎಲ್ಲಿದೆ? ಯಾವ ರಾಜ, ಯಾವ ತಾರೀಖಿನಂದು, ಯಾವ ಕಾಗದದ ಮೇಲೆ ನಮ್ಮನ್ನು ಹೊರಗಿಟ್ಟ? ಕಾಗದವೇ ಇಲ್ಲದ ಶಿಕ್ಷೆಯನ್ನು ರದ್ದು ಮಾಡುವುದು ಹೇಗೆ? 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಊರಿನ ನಕ್ಷೆಯನ್ನು ಯಾರೂ ರದ್ದು ಮಾಡಲಿಲ್ಲ. ಅಗಸಿಯ ಬಾಗಿಲು ಗೆದ್ದಲು ತಿಂದು ಬಿದ್ದಿತು, ಕಲ್ಲು ಕಿತ್ತುಹೋದವು. ಕೇರಿ ಮಾತ್ರ ಇದ್ದಲ್ಲೇ ಇದೆ. ಜನತಾ ಮನೆ ಬಂದರೂ, ಆಶ್ರಯ ಮನೆ ಬಂದರೂ, ಅವನ್ನೂ ಬಹುಪಾಲು ಕೇರಿಯ ಆಚೆಗೇ ಕಟ್ಟಿದರು.

ಈ ಹೋಲಿಕೆ ನಾವು ಹೊಸದಾಗಿ ಹಚ್ಚಿದ್ದಲ್ಲ. ಬಾಬಾಸಾಹೇಬರು ಬಿಟ್ಟುಹೋದ ಹಸ್ತಪ್ರತಿಗಳಲ್ಲಿ ಒಂದಕ್ಕೆ ಇದ್ದ ಹೆಸರೇ 'ಅಸ್ಪೃಶ್ಯರು ಅಥವಾ ಭಾರತದ ಘೆಟ್ಟೊ ಮಕ್ಕಳು'. ಅವರ ಬರಹಗಳ ಇಂಗ್ಲಿಷ್ ಸಂಪುಟಗಳಲ್ಲಿ 5ನೆಯದರಲ್ಲಿ ಅದು 1989ರಲ್ಲಿ ಅಚ್ಚಾಯಿತು. ಲಂಡನ್ನಿನ ಯಹೂದಿ ಕೇರಿಯ ಬದುಕನ್ನು ಕುರಿತು ಇಸ್ರೇಲ್ ಝಾಂಗ್ವಿಲ್ ಎಂಬ ಲೇಖಕ ಬರೆದ 'ಘೆಟ್ಟೊ ಮಕ್ಕಳು' ಎಂಬ ಕಾದಂಬರಿ 1892ರಲ್ಲೇ ಬಂದಿತ್ತು. ಎರಡೂ ಹೆಸರು ಪಕ್ಕದಲ್ಲಿಟ್ಟು ನೋಡಿರಿ. ಪ್ರತಿ ಹಿಂದೂ ಹಳ್ಳಿಗೂ ಒಂದು ಘೆಟ್ಟೊ ಇದೆ ಎಂಬುದು ಬಾಬಾಸಾಹೇಬರ ತೀರ್ಮಾನ. ಹೊರದೇಶದಲ್ಲಿ ಓದಿದವರು ಆ ಪರದೇಶಿ ಮಾತನ್ನು ತಂದು ನಮ್ಮೂರ ಅಗಸಿಯ ಮುಂದೆ ನಿಲ್ಲಿಸಿದರು. ಓದಲು ಹೋದವರು ಮಾಡಬೇಕಾದ ಕೆಲಸ ಅಂದರೆ ಅದು.

ಅವರು 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ, ತಿಂಗಳಿಗೆ ಹನ್ನೊಂದೂವರೆ ಪೌಂಡಿನಲ್ಲಿ, ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋದರು. ಅಲ್ಲಿ ಅವರಿಗೆ ಅರ್ಥಶಾಸ್ತ್ರ ಹೇಳಿಕೊಟ್ಟ ಗುರು ಎಡ್ವಿನ್ ಸೆಲಿಗ್ಮನ್, ಯಹೂದಿ ಮನೆತನದವರು. ಈ ಗುರುವಿನ ತಂದೆ ಜೋಸೆಫ್ ಸೆಲಿಗ್ಮನ್ ದೊಡ್ಡ ಬ್ಯಾಂಕಿನ ಒಡೆಯ. ಅಂಥವರಿಗೇ 1877ರಲ್ಲಿ ಸಾರಟೋಗಾ ಎಂಬ ಊರಿನ ದೊಡ್ಡ ಹೋಟೆಲಿನಲ್ಲಿ, ಯಹೂದಿಗಳಿಗೆ ಕೋಣೆ ಇಲ್ಲ ಎಂದು ಬಾಗಿಲು ತೋರಿಸಿದ್ದರು. ಅಮೆರಿಕದ ಪತ್ರಿಕೆಗಳಲ್ಲೆಲ್ಲ ಅದು ದೊಡ್ಡ ಸುದ್ದಿಯಾಯಿತು. ಸರಿಯಾಗಿ 40 ವರ್ಷದ ಮೇಲೆ, 1917ರಲ್ಲಿ, ಆ ಗುರುವಿನ ಶಿಷ್ಯ ಬರೋಡಾಕ್ಕೆ ನೌಕರಿಗೆ ಬಂದು ಒಂದು ಪಾರ್ಸಿ ವಸತಿಗೃಹದಲ್ಲಿ ಇಳಿದಾಗ ಬಡಿಗೆ ಹಿಡಿದವರು ಬಂದು ಹೊರಗೆ ಹಾಕಿದರು. ರೊಕ್ಕ ಇದ್ದರೂ ಅಷ್ಟೇ, ಡಿಗ್ರಿ ಇದ್ದರೂ ಅಷ್ಟೇ. ಹಾಸ್ಟೆಲಿನ ಗೆಳೆಯರೇ, ಇದನ್ನು ಮರೆಯಬ್ಯಾಡ್ರಿ. ಹೊರದೇಶದ ಡಿಗ್ರಿ ತಂದಮೇಲೆ ನಮಗೆ ಯಾರು ಏನಂತಾರ ಎಂದು ಕೆಲವರು ತಿಳಿದಿದ್ದಾರೆ. ಗದಗಿನಲ್ಲಿ, ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ 'ನಿಮ್ಮದು ಯಾವ ಮಂದೀರಿ?' ಎಂಬ ಪ್ರಶ್ನೆ ಇನ್ನೂ ಬಾಗಿಲಲ್ಲೇ ನಿಂತಿದೆ.

ಇನ್ನು ಪ್ರಾಗ್ ನಗರ. ಅಲ್ಲಿನ ಯಹೂದಿ ಕೇರಿಗೆ ಯೋಸೆಫೋವ್ ಎಂದು ಹೆಸರು. ನಮ್ಮವರು ಅಲ್ಲಿಗೆ ಹೋದರೆ ಮೊದಲು ನೋಡಬೇಕಾದದ್ದು ಹಳೇ ಸ್ಮಶಾನ. ಸತ್ತವರಿಗೂ ಹೊಸ ಜಾಗ ಕೊಡಲಿಲ್ಲ. ಹಾಗಾಗಿ ಹೆಣದ ಮೇಲೆ ಮಣ್ಣು, ಮಣ್ಣಿನ ಮೇಲೆ ಹೆಣ. ಕೆಲವು ಕಡೆ ಹನ್ನೆರಡು ಪದರ. 12,000ದಷ್ಟು ಗೋರಿಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿವೆ. ಎಲ್ಲಕ್ಕಿಂತ ಹಳೇದು 1439ರದು. 1787ರ ಹೊತ್ತಿಗೆ ಅಲ್ಲಿ ಹೂಳುವುದು ನಿಂತಿತು. ಸ್ಮಶಾನಕ್ಕೆ ಜಾಗ ಕೊಡಿರಿ ಎಂದು ತಹಶೀಲ್ದಾರ್ ಕಚೇರಿಗೆ ಅಲೆದ ನಮ್ಮ ಹಿರಿಯರಿಗೆ ಆ ಕಲ್ಲುಗಳ ಮಾತು ಯಾವ ಗೈಡೂ ಇಲ್ಲದೆ ತಿಳಿಯುತ್ತದೆ. ವ್ಯತ್ಯಾಸ ಒಂದೇ: ಅವರ ಹೆಣದ ಮೇಲೆ ಹೆಸರಿನ ಕಲ್ಲಾದರೂ ನಿಂತಿತು. ಹಳ್ಳದ ದಂಡೆಯಲ್ಲಿ ಹೂತ ನಮ್ಮ ಮುತ್ಯಾನ ಗುರುತು ಮುಂದಿನ ಮಳೆಗಾಲಕ್ಕೆ ಹಳ್ಳದ ಪಾಲು.

ಅದೇ ಪ್ರಾಗಿನಲ್ಲಿ 1893ರಲ್ಲಿ ಊರು ಸ್ವಚ್ಛ ಮಾಡುವ ಕಾನೂನು ತಂದು ಯಹೂದಿ ಕೇರಿಯ ಮನೆಗಳನ್ನು ಬಹುಪಾಲು ಕೆಡವಿದರು. ಇದ್ದ ಸಿರಿವಂತ ಯಹೂದಿಗಳು ಅಷ್ಟೊತ್ತಿಗೆ ಬೇರೆ ಕಡೆ ಹೋಗಿದ್ದರು. ಎಲ್ಲ ಜಾತಿಯ ಬಡವರು ಅಲ್ಲಿ ಉಳಿದಿದ್ದರು. ಬೀದಿಗೆ ಬಿದ್ದವರು ಅವರೇ. ಕೆಲವು ಪ್ರಾರ್ಥನಾ ಮಂದಿರ, ಸ್ಮಶಾನ, ಯಹೂದಿಗಳ ಚಾವಡಿ ಇಷ್ಟು ಉಳಿದವು. ಉಳಿದ ಕಡೆ ಅಗಲವಾದ ರಸ್ತೆ ಬಂತು. ಈಗ ಆ ರಸ್ತೆಯಲ್ಲಿ ಲಕ್ಷಾಂತರ ರೂಪಾಯಿ ಬೆಲೆಯ ಕೈಚೀಲ ಮಾರುವ ಅಂಗಡಿಗಳಿವೆ. ಕೊಳಚೆ ನಿರ್ಮೂಲನೆ, ರಸ್ತೆ ಅಗಲೀಕರಣ ಎಂಬ ಮಾತು ಕೇಳಿದಾಗಲೆಲ್ಲ ಕೇಳಬೇಕು: ಕೊಳಚೆ ಹೋಯಿತು ಸರಿ, ಅಲ್ಲಿದ್ದ ಮಂದಿ ಎಲ್ಲಿ ಹೋದರು?

ಯಹೂದಿಗಳ ವಿಷಯದಲ್ಲಿ ಆ ಪ್ರಶ್ನೆಗೆ ಸಿಗುವ ಉತ್ತರ ಭಯಂಕರವಾದದ್ದು. ಹಿಟ್ಲರನ ಆಳಿಕೆಯಲ್ಲಿ 60 ಲಕ್ಷ ಯಹೂದಿಗಳನ್ನು ಕೊಂದರು. ಪ್ರಾಗಿನ ಪಿಂಕಸ್ ಎಂಬ ಪ್ರಾರ್ಥನಾ ಮಂದಿರದ ಗೋಡೆಗಳ ಮೇಲೆ ಆ ಸೀಮೆಯಿಂದ ಒಯ್ದು ಕೊಂದ ಸುಮಾರು 78,000 ಜನರ ಹೆಸರನ್ನು ಕೈಯಿಂದ ಬರೆದಿದ್ದಾರೆ. 1968ರಲ್ಲಿ ಅದನ್ನು ಮುಚ್ಚಿದರು. ತೇವಕ್ಕೆ ಹೆಸರುಗಳು ಕೆಟ್ಟವು. 1990ರ ದಶಕದಲ್ಲಿ ಕೂತು ಮತ್ತೆ ಎಲ್ಲವನ್ನೂ ಬರೆದರು. ವೆನಿಸ್ಸಿನಲ್ಲಿ ಇನ್ನೊಂದು ಕಥೆ. 1943ರ ಸೆಪ್ಟೆಂಬರಿನಲ್ಲಿ ನಾಜಿಗಳು ಊರಿನ ಯಹೂದಿಗಳ ಪಟ್ಟಿ ಕೇಳಿದಾಗ, ಸಮುದಾಯದ ಹಿರಿಯ, ಡಾಕ್ಟರ್ ಜ್ಯುಸೆಪ್ಪೆ ಯೋನಾ, ಪಟ್ಟಿ ಕೊಡುವ ಬದಲು ತನ್ನ ಪ್ರಾಣವನ್ನೇ ಕೊಟ್ಟುಕೊಂಡ. ಹಾಗಿದ್ದೂ ಅಲ್ಲಿಂದ ಇನ್ನೂರಕ್ಕೂ ಹೆಚ್ಚು ಮಂದಿಯನ್ನು ಒಯ್ದರು. ತಿರುಗಿ ಬಂದವರು 8 ಮಂದಿ. ಹೆಸರು ಬರೆಯುವುದು ಯಾರ ಕೈಯಲ್ಲಿದೆ ಎಂಬುದು ಸಣ್ಣ ವಿಷಯವಲ್ಲ. ಕೊಲ್ಲುವವನ ಕೈಯಲ್ಲಿದ್ದರೆ ಅದು ವಾರಂಟು. ನಮ್ಮ ಕೈಯಲ್ಲಿದ್ದರೆ ಅದು ಚರಿತ್ರೆ.

ಜರ್ಮನಿಗೆ ಹೋದವರು ಕಾಲಕೆಳಗೆ ನೋಡಿಕೊಂಡು ನಡೆಯಬೇಕು. ಫುಟ್‌ಪಾತಿನಲ್ಲಿ ಹತ್ತು ಸೆಂಟಿಮೀಟರ್ ಉದ್ದಗಲದ ಹಿತ್ತಾಳೆ ಮುಚ್ಚಿದ ಕಲ್ಲುಗಳಿವೆ. ಇಂಥವರು ಇಲ್ಲಿ ವಾಸವಾಗಿದ್ದರು, ಹುಟ್ಟಿದ್ದು ಇಂಥ ವರ್ಷ, ಒಯ್ದದ್ದು ಇಂಥ ದಿನ, ಕೊಂದದ್ದು ಇಂಥ ಕಡೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ 1990ರ ದಶಕದಲ್ಲಿ ಶುರು ಮಾಡಿದ ಈ ಕೆಲಸ 2023ರಲ್ಲಿ ಒಂದು ಲಕ್ಷ ಕಲ್ಲು ಮುಟ್ಟಿತು. ಆದರೆ ಮ್ಯೂನಿಕ್ ನಗರ ತನ್ನ ಬೀದಿಗಳಲ್ಲಿ ಇದಕ್ಕೆ ಒಪ್ಪಲಿಲ್ಲ. ಸತ್ತವರ ಹೆಸರನ್ನು ಮತ್ತೆ ಮಂದಿ ತುಳಿಯುವಂತಾಗಬಾರದು ಎಂದು ಅಲ್ಲಿನ ಯಹೂದಿ ಮುಖಂಡರೇ ವಿರೋಧಿಸಿದರು. ಅಲ್ಲಿ ಹೆಸರು ಗೋಡೆಗೆ, ಕಂಬಕ್ಕೆ ಏರಿತು. ತುಳಿಸಿಕೊಂಡವರಿಗೆ ಈ ವಾದ ಚೆನ್ನಾಗಿ ಅರ್ಥವಾಗುತ್ತದೆ.

ಇವೆಲ್ಲ ಪುಕ್ಕಟೆ ಬಂದವಲ್ಲ. ಫ್ರಾಂಕ್‌ಫರ್ಟ್ ನಗರದಲ್ಲಿ 1462ರಲ್ಲಿ ಯಹೂದಿಗಳನ್ನು ಕೂಡಿಹಾಕಿದ ಓಣಿಯೊಂದಿತ್ತು. ಕಾಲಾಂತರದಲ್ಲಿ ಅದು ಅಳಿಸಿಹೋಗಿತ್ತು. 1987ರಲ್ಲಿ ನಗರಸಭೆಯ ಕಟ್ಟಡಕ್ಕೆ ನೆಲ ಅಗೆದಾಗ ಆ ಮನೆಗಳ ಬುನಾದಿ ಸಿಕ್ಕವು. ಕಟ್ಟಡ ಕಟ್ಟಿಯೇ ತೀರುತ್ತೇವೆಂದು ನಗರಾಡಳಿತ, ಬುನಾದಿ ಉಳಿಸಬೇಕೆಂದು ಜನ. ಧರಣಿ, ಜಗಳ ಆದಮೇಲೆ ಕೆಲವು ಮನೆಗಳ ಬುನಾದಿ ಉಳಿದು 1992ರಲ್ಲಿ ಮ್ಯೂಸಿಯಂ ಆಯಿತು. ಹೋರಾಡದಿದ್ದರೆ ಅಲ್ಲಿಯೂ ಸಿಮೆಂಟೇ ಇರುತ್ತಿತ್ತು.

ಹೊರದೇಶಕ್ಕೆ ಹೋಗಲಾಗದವರು ಕೊಚ್ಚಿಗೆ ಹೋಗಬಹುದು. ರೈಲಿನ ದಾರಿ. ಮಟ್ಟಾಂಚೇರಿಯಲ್ಲಿ ಯಹೂದಿ ಪೇಟೆ ಇದೆ, 1568ರ ಪರದೇಶಿ ಪ್ರಾರ್ಥನಾ ಮಂದಿರ ಇದೆ. ಅಲ್ಲಿ ಕಲಿಯಬೇಕಾದ ಪಾಠ ನಮ್ಮ ಕೆನ್ನೆಗೇ ಬಾರಿಸುವಂಥದ್ದು. ಜಗತ್ತೆಲ್ಲ ಓಡಿಸಿಕೊಂಡು ಬಂದ ಆ ಜನರೂ ಇಲ್ಲಿ ಬಂದು ಜಾತಿ ಮಾಡಿದರು. ಪರದೇಶಿ ಯಹೂದಿಗಳು, ದಾಸ್ಯದಿಂದ ಬಿಡುಗಡೆಯಾದ ತಮ್ಮದೇ ಧರ್ಮದವರನ್ನು ಪ್ರಾರ್ಥನೆಯಲ್ಲಿ ಸರಿಸಮ ಕೂಡಲು ಬಿಡಲಿಲ್ಲ. ಆ ಕುಲದಲ್ಲಿ ಹುಟ್ಟಿದ ವಕೀಲ ಎ. ಬಿ. ಸೇಲಂ ಪ್ರಾರ್ಥನಾ ಮಂದಿರದಲ್ಲಿಯೇ ಸತ್ಯಾಗ್ರಹ ಹೂಡಿ ಅದನ್ನು ಎದುರಿಸಿದರು. ಇವತ್ತು ಅಲ್ಲಿ ಬೆರಳಿನಲ್ಲಿ ಎಣಿಸುವಷ್ಟೂ ಯಹೂದಿಗಳಿಲ್ಲ, ಬಹುಪಾಲು ಮಂದಿ ಇಸ್ರೇಲಿಗೆ ಹೋದರು. ಸರಿಸಮ ಕೂಡಬಾರದು ಎಂದವರೂ ಇಲ್ಲ, ಕೂಡುತ್ತೇವೆ ಎಂದವರೂ ಇಲ್ಲ, ಪ್ರವಾಸಿಗರಿದ್ದಾರೆ. ನಮ್ಮಲ್ಲಿ ಹೊಲಗೇರಿಯ ಬಾವಿ ಬೇರೆ, ಮಾದಿಗರ ಓಣಿಯ ಬಾವಿ ಬೇರೆ ಇದ್ದದ್ದು ಸುಳ್ಳೇನು? ಒಂದೇ ಹಾಸ್ಟೆಲಿನಲ್ಲಿ ಉಂಡು, ಮದುವೆ ಮಾತು ಬಂದಾಗ ಕೇರಿ ಬೇರೆ ಎನ್ನುವುದು ಸುಳ್ಳೇನು? ಊರಿಗೆ ಅಗಸಿ ಇದ್ದದ್ದು ಸಾಲದೆಂದು ಕೇರಿಯ ನಡುವೆ ನಾವೂ ಒಂದು ಅಗಸಿ ನಿಲ್ಲಿಸಿಕೊಂಡಿದ್ದೇವೆ. ಅದನ್ನು ಸುಡಲು ಯಾವ ನೆಪೋಲಿಯನ್ನನೂ ಬರುವುದಿಲ್ಲ.

ಈಗ ಸರಕಾರದ ಮಾತು. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಸಾಗರೋತ್ತರ ವಿದ್ಯಾರ್ಥಿವೇತನದ ನಿಯಮ ಬದಲಿಸಿತು. ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಭಾರತದ ಸಮಾಜ, ಈ ವಿಷಯಗಳನ್ನು ಹೊರದೇಶದಲ್ಲಿ ಅಧ್ಯಯನ ಮಾಡಲು ಹಣ ಕೊಡುವುದಿಲ್ಲ ಎಂದಿತು. ಆ ಸಾಲಿಗೆ ಇಡೀ ದೇಶಕ್ಕೆ ಇದ್ದದ್ದು 125 ಜಾಗ. ಅಷ್ಟರಲ್ಲಿ ಒಬ್ಬ ಹುಡುಗಿ 'ನಾನು ನಮ್ಮ ಕೇರಿಯ ಚರಿತ್ರೆ ಬರೀತೀನ್ರಿ' ಎಂದರೆ ರೊಕ್ಕ ಇಲ್ಲ. ಇಂಥ ಅಧ್ಯಯನಕ್ಕೆ ಭಾರತದಲ್ಲೇ ಒಳ್ಳೆಯ ಸಂಸ್ಥೆಗಳಿವೆ ಎಂಬುದು ಸರಕಾರದ ಸಮಜಾಯಿಷಿ. ಅದು ಪೂರ್ತಿ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಒಂದು ಮಾತು ಕೇಳುತ್ತೇವೆ. ವೆನಿಸ್, ಪ್ರಾಗ್, ಫ್ರಾಂಕ್‌ಫರ್ಟ್ ನೋಡದವನು ಕೇರಿಯನ್ನು ಜಗತ್ತಿನ ಕೇರಿಗಳ ಪಕ್ಕ ಇಟ್ಟು ತೂಗುವುದು ಹೇಗೆ? ಈ ನಿಯಮ ಬಾಬಾಸಾಹೇಬರ ಕಾಲದಲ್ಲಿ ಇದ್ದಿದ್ದರೆ ಗತಿ ಏನು? ಕೊಲಂಬಿಯಾದಲ್ಲಿ 1916ರಲ್ಲಿ ಅವರು ಓದಿದ ಪ್ರಬಂಧ ಭಾರತದ ಜಾತಿಗಳನ್ನು ಕುರಿತದ್ದೇ ಅಲ್ಲವೇ? ಇಂಜಿನಿಯರ್ ಆಗಿ ಬಾ, ಡಾಕ್ಟರ್ ಆಗಿ ಬಾ, ಆದರೆ ನಿನ್ನನ್ನು ಹೊರಗಿಟ್ಟವರು ಯಾರು ಎಂದು ಮಾತ್ರ ಹೊರಗೆ ಹೋಗಿ ಕೇಳಬ್ಯಾಡ, ಇದು ಆ ನಿಯಮದ ಅರ್ಥ. ಅದು ಹೋಗಬೇಕೆಂದು ನಮ್ಮ ವಿದ್ಯಾರ್ಥಿ ಸಂಘಟನೆಗಳು ಒತ್ತಾಯಿಸಬೇಕು.

ಆದರೆ ಸರಕಾರ ರೊಕ್ಕ ಕೊಡುವ ತನಕ ಸುಮ್ಮನೆ ಕೂಡುವುದು ಬೇಡ. ಯುರೋಪಿನಲ್ಲಿ ಆ ಕಲ್ಲು, ಆ ಗೋಡೆ, ಆ ಮ್ಯೂಸಿಯಂ ಬಹುಪಾಲು ಎದ್ದದ್ದು ಜನ ಹೋದಮೇಲೆ. ನಮ್ಮ ಜನ ಇನ್ನೂ ಇದ್ದಾರೆ. ಬಾವಿಯಲ್ಲಿ ನೀರು ಎತ್ತಿ ಹಾಕಿಸಿಕೊಳ್ಳಲು ಕಾದು ನಿಂತ ಆಯಿ ಇದ್ದಾಳೆ. ಚಹಾದಂಗಡಿಯ ಹೊರಗೆ ಸಿಕ್ಕಿಸಿದ ಬೇರೆ ಕಪ್ಪಿನಲ್ಲಿ ಚಹಾ ಕುಡಿದ ಕಾಕಾ ಇದ್ದಾನೆ. ಹಲಗಿ ಬಡಿಯೋದಿಲ್ಲ ಎಂದು ಮೊದಲ ಸಲ ಅಂದವನೂ ಯಾವುದೋ ಕಟ್ಟಿಯ ಮೇಲೆ ಕೂತಿರಬಹುದು. ಅವರು ಹೋದಮೇಲೆ ಹಿತ್ತಾಳೆ ಕಲ್ಲು ಹುಗಿದು ಏನು ಮಾಡೋಣ?

ಬ್ಯಾಸಗಿ ಸೂಟಿಗೆ ಊರಿಗೆ ಹೋದಾಗ ಒಂದು ನೋಟಬುಕ್ ಒಯ್ಯಿರಿ. ಕೇರಿಯ ನಕ್ಷೆ ನೀವೇ ಬರೆಯಿರಿ. ಅಗಸಿ ಎಲ್ಲಿತ್ತು, ಕೇರಿ ಅದರಿಂದ ಎಷ್ಟು ಹೆಜ್ಜೆ, ಯಾವ ದಿಕ್ಕಿಗೆ, ಮಳೆ ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ. ಬಾವಿ ತೋಡಿದವರು ಯಾರು, ಅದರಲ್ಲಿ ಸೇದಬಾರದು ಎಂದವರು ಯಾರು. ಹೂಳುವ ಜಾಗ ಯಾವುದು, ಅದರ ಉತಾರದಲ್ಲಿ ಯಾರ ಹೆಸರಿದೆ. ಯಾವ ಮನೆಯವರಿಗೆ ಏನು ಚಾಕರಿ ಹಚ್ಚಿದ್ದರು, ಎಂದು ಬಿಟ್ಟರು, ಬಿಟ್ಟಾಗ ಏನಾಯಿತು. ಮೊದಲು ಸಾಲಿಗೆ ಹೋದವರು ಯಾರು, ಅವರನ್ನು ಎಲ್ಲಿ ಕೂಡಿಸುತ್ತಿದ್ದರು. ಎರಡೂ ಕೇರಿಗೆ ಹೋಗಿರಿ, ಒಂದಕ್ಕೇ ಹೋಗಬ್ಯಾಡ್ರಿ. ಹೆಣ್ಣುಮಕ್ಕಳನ್ನು ಬೇರೆ ಕೂಡಿಸಿ ಕೇಳಿರಿ, ಗಂಡಸರು ಹೇಳದ್ದನ್ನು ಅವರು ಹೇಳುತ್ತಾರೆ. ಹೇಳಿದವರು ಬೇಡ ಎಂದರೆ ಅವರ ಹೆಸರು ಬರೆಯಬ್ಯಾಡ್ರಿ. ಆ ಊರಿನಲ್ಲಿ ನಾಳೆ ಬದುಕಬೇಕಾದವರು ಅವರು.

ಹೊರದೇಶದಲ್ಲಿರುವ ಗೆಳೆಯರೂ ಬರೆಯಿರಿ. ನೀವಿರುವ ಊರಿನ ಯಹೂದಿ ಕೇರಿಯನ್ನು ಯಾರು ಕಟ್ಟಿದರು, ಯಾರು ಕೆಡವಿದರು, ನೆನಪಿನ ಕಲ್ಲು ಹಾಕಿಸಲು ಯಾರು ಬಡಿದಾಡಿದರು ಎಂದು ಕೇಳಿ ಬರೆಯಿರಿ. ಬರೀ ಫೋಟೋ ಬೇಡ.

ಕೊರ್ಲಹಳ್ಳಿ ಸೀಮೆಯ ಕೇರಿಗಳಿಂದ ನಾವು ಈ ಬ್ಯಾಸಗಿಗೆ ಶುರು ಮಾಡುತ್ತೇವೆ. ನೀವು ಬರೆದದ್ದನ್ನು ಕಾಗದದ ಒಂದೇ ಮಗ್ಗುಲಿಗೆ, ದುಂಡಗೆ ಬರೆದು ಮುಂದಿನ ಸಭೆಗೆ ತನ್ನಿರಿ. ಓದಿ ಕೂಡಿಸೋಣ.

ಜೈ ಭೀಮ್.